ಬೀಗರ ಮನೆಯ ಬಿಳಿ ಗೋಡೆ

೧೯೭೬ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು. ಫೇಲಾಗಿ ಬಿಟ್ಟವನಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ರಾಜಾನುಕುಂಟೆಯ ನಮ್ಮ ಸ್ಕೂಲಿಗೆ ಸುಣ್ಣ ಹೊಡೆಯಲು ಬಂದ ಮೇಸ್ತ್ರಿ ನನ್ನ ಕೈಗೊಂದು ಬ್ರಷ್ ಕೊಟ್ಟ. ನಾಲ್ಕು ಗೋಡೆ ಮಧ್ಯೆ ಕೂತು ಬೈಸಿಕೊಳ್ಳುವುದಕ್ಕಿಂತ ಅದೇ ಗೋಡೆಗೆ ಸುಣ್ಣ ಹೊಡೆದು ಶಹಬ್ಬಾಸ್ ಅನ್ನಿಸಿಕೊಳ್ಳುವುದು ಮೇಲು ಅಂತ ಅವತ್ತೇ ತೀರ್ಮಾನವಾಯಿತು. ಅಲ್ಲಿಂದ ಇಲ್ಲಿಯವರೆಗೆ ನಾನು ಪೇಂಟರು. ಯಲಹಂಕದಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ ನೋಡಿ, ನನ್ನ ಕೈ ಬಿದ್ದ ಮನೆ ಕಾಣದೆ ಒಂದು ಸ್ಟಾಪೂ ದಾಟಲಾರಿರಿ. ಇದನ್ನು ಜಂಬ ಅನ್ನುವವರು ಅನ್ನಲಿ. ಜಂಬಪಡಲು ಏನೂ ಇಲ್ಲದವರು ಕಂಡುಹಿಡಿದದ್ದೇ ವಿನಯ ಅಂತ ನನ್ನ ಅಭಿಪ್ರಾಯ.

ಈಗ ಅಂಗಡಿಯಲ್ಲಿ ಕಂಪ್ಯೂಟರ್ ಬಣ್ಣ ಬೆರೆಸುತ್ತದೆ. ನಾನು ಕಣ್ಣಲ್ಲೇ ಬೆರೆಸುತ್ತೇನೆ. ಒಮ್ಮೆ ಸಹಕಾರನಗರದ ಒಬ್ಬ ಅಮ್ಮ ಒಂದು ಹಲಸಿನ ತೊಳೆ ತಂದು ಕೊಟ್ಟು, "ದೇವರ ಮನೆಗೆ ಇದೇ ಬಣ್ಣ ಬರ್ಬೇಕು" ಅಂದರು. ನಾನು ಡಬ್ಬ ತೆಗೆಯುವಷ್ಟರಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವ ಸೆಲ್ವ ಆ ತೊಳೆ ತಿಂದುಬಿಟ್ಟಿದ್ದ. ನೆನಪಿನಲ್ಲೇ ಬೆರೆಸಿದೆ. ಆ ಅಮ್ಮ ಗೋಡೆ ನೋಡಿ, "ವಾಸನೆ ಒಂದು ಬಂದಿಲ್ಲ ನೋಡಿ" ಅಂದರು. ಇಂಥ ಕಣ್ಣು ನನ್ನದು.

ಅದಕ್ಕೇ, ಅಮೃತಹಳ್ಳಿಯಲ್ಲಿ ನಮ್ಮ ಸವಿತಳನ್ನು ಕೊಟ್ಟ ಮನೆಗೆ ಬಣ್ಣ ಹೊಡೆಸಬೇಕು ಅಂತ ಬೀಗರು ಮಾತು ತೆಗೆದಾಗ, ಮಗಳ ಮನೆ ಗೋಡೆಗೆ ಬೇರೆಯವನ ಬ್ರಷ್ ತಾಗಕೂಡದು ಅಂತ ನಾನೇ ಹೊರಟೆ. ಹಾಲ್‌ಗೆ ಹಾಲಿನ ಕೆನೆಯಂಥ ಬಿಳುಪು ಬೇಕು ಅಂದರು ಬೀಗರು. ಬೆರೆಸಿದೆ. ಯಾಕೋ ಹಳದಿ ಕಂಡಿತು. ಸುಣ್ಣದ ಕಾಲದಿಂದ ಒಂದು ವಿದ್ಯೆ ಉಂಟು: ಬಿಳಿ ಬೆಳ್ಳಗೆ ಕಾಣಬೇಕಾದರೆ ಚೂರು ನೀಲಿ ಬೆರೆಸಬೇಕು. ಬೆರೆಸಿದೆ. ಇನ್ನೂ ಹಳದಿ. ಇನ್ನಷ್ಟು ಹಾಕಿದೆ.

"ಮೇಸ್ತ್ರಿ, ನೀಲಿ ಜಾಸ್ತಿ ಆಯ್ತೇನೋ" ಅಂದ ಸೆಲ್ವ.

"ನಾನು ಈ ಕೆಲ್ಸ ಶುರು ಮಾಡ್ದಾಗ ನಿಮ್ಮಪ್ಪಂಗೆ ಮದ್ವೆ ಆಗಿತ್ತೇನೋ?"

"ಇಲ್ಲ."

"ಮತ್ತೆ? ಹೊಡಿ."

ಹೊಡೆದ. ಮುಗಿದ ದಿನ ಬೀಗರು, ನಾನು ಹಾಲ್ ಮಧ್ಯೆ ನಿಂತು ನೋಡಿದೆವು. ಬೀಗರು ಗೋಡೆಯ ಮೇಲೆ ಅಂಗೈ ಆಡಿಸಿ, "ಬೀಗ್ರೇ, ಕೆನೆ ಅಂದ್ರೆ ಕೆನೆ! ಬೆರಳಲ್ಲಿ ತೆಗೆದು ನೆಕ್ಕೋಣ ಅನ್ಸುತ್ತೆ" ಅಂದರು. ನನ್ನ ಎದೆ ಉಬ್ಬಿತು. ಅಡುಗೆಮನೆ ಬಾಗಿಲಲ್ಲಿ ಬೀಗಿತ್ತಿಯೂ ಸವಿತಳೂ ನಿಂತಿದ್ದರು. ಇಬ್ಬರೂ ಮಾತಾಡಲಿಲ್ಲ. ನನ್ನ ಕೆಲಸ ನೋಡಿ ಹೆಂಗಸರಿಗೆ ಮಾತೇ ಹೊರಡಲಿಲ್ಲ ಅಂದುಕೊಂಡೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಊಟಕ್ಕೆ ಕರೆದಿದ್ದರು. ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆ ಹಾಲ್‌ಗೆ ಕಾಲಿಟ್ಟವಳೇ, "ಏನೇ ಸವಿತ, ಯಾವ ಪುಣ್ಯಾತ್ಮ ಹೊಡ್ದಿದ್ದು ಇದನ್ನ? ಈಜುಕೊಳದೊಳಗೆ ಕೂತಂಗೈತಲ್ಲೇ!" ಅಂದಳು.

"ನಾನೇ ಹೇಳಿ ಮಾಡ್ಸಿದ್ದು ಅಕ್ಕ. ನಂಗೆ ನೀಲಿ ಅಂದ್ರೆ ಪ್ರಾಣ" ಅಂದಳು ಸವಿತ.

ನಾನು ಬೀಗರ ಕಡೆ ನೋಡಿದೆ. ಅವರು ನನ್ನ ಕಿವಿಯಲ್ಲಿ, "ಪಾಪ, ಆ ಯಮ್ಮಂಗೆ ಕಣ್ಣು ಹೋಗೈತೆ ಬೀಗ್ರೇ" ಅಂದರು. ನಗು ಬರಬೇಕಿತ್ತು, ಬರಲಿಲ್ಲ. ಸ್ಕೂಲಿನಲ್ಲಿ ಹತ್ತು ವರ್ಷ ನೀಲಿ ಲಂಗ ಉಟ್ಟು, ಕೊನೆಯ ದಿನ ಅದನ್ನು ನೀರೊಲೆಗೆ ಹಾಕಿದ ಹುಡುಗಿ ನನ್ನ ಮಗಳು. ಅವಳಿಗೆ ನೀಲಿ ಪ್ರಾಣವಂತೆ!

ಅಡುಗೆಮನೆಗೆ ಹೋದೆ. ಪಾಯಸ ತಿರುವುತ್ತಿದ್ದಳು.

"ನಿಜ ಹೇಳು. ಗೋಡೆ ಯಾವ ಬಣ್ಣ?"

"ನೀಲಿ ಅಪ್ಪ."

"ಎಷ್ಟು ನೀಲಿ?"

"ಆಕಾಶ ನಾಚ್ಕೋಬೇಕು, ಅಷ್ಟು."

"ನಿಮ್ ಮಾವ ಬಿಳಿ ಅಂತಾರಲ್ಲೇ!"

"ಮಾವ ನಿನ್ನೆ ತಾನೆ ಬಾಗಿಲಿಗೆ ಭುಜ ಹೊಡ್ಕೊಂಡು, ಬಾಗಿಲಿಗೇ ಬೈದ್ರು. ಬಂದೋರೆಲ್ಲ ಗೋಡೆ ಯಾರು ಹೊಡ್ದಿದ್ದು ಅಂತಾರೆ. ನಿನ್ ಹೆಸ್ರು ಹೇಳೋಕೆ ನಂಗಾಗ್ಲಿಲ್ಲ ಅಪ್ಪ." ಸೌಟು ಕೆಳಗಿಟ್ಟಳು. "ನಾಳೆ ಇಬ್ರೂ ಕಣ್ಣಾಸ್ಪತ್ರೆಗೆ ನಡೀರಿ. ಬರಲ್ಲ ಅಂದ್ರೆ ಇವತ್ತು ಪಾಯಸ ಇಲ್ಲ."

ನನ್ನ ಹೆಸರಿದ್ದದ್ದೇ ಕಣ್ಣಿನ ಮೇಲೆ. ಅದೇ ಹೋದರೆ ನಾನು ಬರೀ ಏಣಿ ಹೊರುವವನು. ಆ ರಾತ್ರಿ ನಿದ್ದೆ ಬರಲಿಲ್ಲ. ಪಾಯಸ ಮಾತ್ರ ಎರಡು ಲೋಟ ಇಳಿದಿತ್ತು.

ಆಸ್ಪತ್ರೆಗೆ ಹೋದರೆ, ನಮ್ಮ ಕಡೆಯ ಹಿರಿಯರ ಪಂಚಾಯ್ತಿಯೇ ಅಲ್ಲಿ ಸೇರಿದಂತಿತ್ತು. ಚಿಕ್ಕಜಾಲದಲ್ಲಿ ಜಮೀನು ಮಾರಿ ಮೂರು ಮಹಡಿ ಕಟ್ಟಿಸಿದ ಗೌಡರು, ನನಗೆ ಮರಗೆಲಸ ಮಾಡಿಕೊಡುತ್ತಿದ್ದ ರಹೀಂ ಸಾಬರು, ಇನ್ನೂ ಯಾರ್ಯಾರೋ. ಗೌಡರು, "ನಂಗೇನಿಲ್ಲ, ಯೆಂಡ್ರು ಜೊತೆಗೆ ಬಂದೆ" ಅಂದರು. ಹೆಂಡತಿ ಎಲ್ಲೂ ಕಾಣಲಿಲ್ಲ. ರಹೀಂ ಸಾಬರು, "ಧೂಳು ಬಿತ್ತು ಭಾಯಿ" ಅಂದರು. ಎರಡು ವರ್ಷದ ಹಿಂದೆ ಬಿದ್ದ ಧೂಳಂತೆ. ನಾನೂ, "ಬೀಗರನ್ನ ಕರ್ಕೊಂಡು ಬಂದೆ" ಅಂದೆ. ಬೀಗರು ಅದೇ ಹೊತ್ತಿಗೆ ಪಕ್ಕದವನಿಗೆ, "ನಮ್ ಬೀಗ್ರಿಗೆ ಸ್ವಲ್ಪ ಮಂಜು, ನೋಡಿ" ಅನ್ನುತ್ತಿದ್ದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ತಾತ ಅಂದಳು, ಅದನ್ನೂ ನುಂಗಿದೆ. "ಎರಡು ಕಣ್ಣಿಗೂ ಪೊರೆ ಬಂದಿದೆ ತಾತ. ಹಳದಿ ಗಾಜಿನ ಹಿಂದಿಂದ ನೋಡ್ತಾ ಇದ್ದೀರಿ. ವಯಸ್ಸಾದೋರಲ್ಲಿ ಇದು ಕೂದಲು ನೆರೆತಷ್ಟೇ ಸಾಮಾನ್ಯ. ಕೂದಲು ಕನ್ನಡಿಯಲ್ಲಿ ಕಾಣುತ್ತೆ, ಇದು ಕಾಣಲ್ಲ, ಅದಕ್ಕೇ ಯಾರೂ ಒಪ್ಪಲ್ಲ" ಅಂದಳು. ಆಪರೇಷನ್ ಮಾಡಿದರೆ ಸರಿಹೋಗುತ್ತದಂತೆ.

ಬೀಗರ ಕಣ್ಣು ನೋಡುವಾಗ ಅವಳು ನಗಲಿಲ್ಲ. ಪೊರೆಯ ಜೊತೆಗೆ ಕಣ್ಣಿನೊಳಗೆ ಒತ್ತಡ ಏರಿ, ಅಕ್ಕಪಕ್ಕದ ನೋಟವನ್ನು ಆಗಲೇ ತಿಂದುಹಾಕಿತ್ತು. "ಹೋಗಿರೋದು ವಾಪಸ್ ಬರಲ್ಲ. ದಿನಾ ತಪ್ಪದೆ ಡ್ರಾಪ್ಸ್ ಹಾಕಿದ್ರೆ ಉಳಿದಿರೋದನ್ನ ಉಳಿಸ್ಕೋಬಹುದು. ಇನ್ನೂ ತಡ ಮಾಡಿದ್ರೆ ಪೂರ್ತಿ ಕತ್ತಲೆ ಆಗ್ತಿತ್ತು. ಹೇಗೆ ಗೊತ್ತಾಯ್ತು ನಿಮಗೆ?" ಅಂತ ಕೇಳಿದಳು. ಬೀಗರು ನನ್ನ ಕೈ ಹಿಡಿದುಕೊಂಡು, "ನಮ್ ಬೀಗ್ರು ಗೋಡೆಗೆ ಬಣ್ಣ ಹೊಡ್ದಿದ್ರಮ್ಮ" ಅಂದರು.

ನನ್ನ ಬಲಗಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಬಿಚ್ಚಿದ ದಿನ ನೆಟ್ಟಗೆ ಅಮೃತಹಳ್ಳಿಗೆ ಹೋದೆ. ಬಲಗಣ್ಣಲ್ಲಿ ನೋಡಿದೆ: ಅಯ್ಯೋ ದೇವರೇ, ನೀಲಿ! ಎಡಗಣ್ಣಲ್ಲಿ ನೋಡಿದೆ: ಕೆನೆ. ಸೆಲ್ವನಿಗೆ ಫೋನ್ ಮಾಡಿ, "ನಾಳೆ ಏಣಿ ತಗೊಂಡು ಬಾ, ಇನ್ನೊಂದ್ಸಲ ಹೊಡ್ಯೋಣ" ಅಂದೆ. ಬೀಗರು ಫೋನ್ ಕಿತ್ತುಕೊಂಡರು.

"ಈ ಗೋಡೆ ಮುಟ್ಟಿದ್ರೆ ಸಂಬಂಧ ಕಡೀತು ಬೀಗ್ರೇ. ನನ್ ಕಣ್ಣು ಉಳ್ಸಿರೋದು ಇದು."

ಸವಿತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಈಗ ಆ ಮನೆಗೆ ಯಾರೇ ಬರಲಿ, ಬೀಗರು ಹಾಲ್ ಮಧ್ಯೆ ನಿಲ್ಲಿಸಿ, "ನಮ್ ಬೀಗ್ರ ಕೈಕೆಲ್ಸ ನೋಡಿ!" ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ. ಬಂದವರು ಗೋಡೆ ನೋಡಿ, ನನ್ನನ್ನು ನೋಡಿ, ಕಾಫಿ ಕುಡಿದು ಹೋಗುತ್ತಾರೆ. ತೀರಾ ಸಂಕಟವಾದಾಗ ನಾನು ಬಲಗಣ್ಣು ಮುಚ್ಚಿಕೊಂಡು ಗೋಡೆ ನೋಡುತ್ತೇನೆ. ಸೊಗಸಾಗಿದೆ.

ಹೀಗೆ, ಇವತ್ತಿಗೆ ನನ್ನ ಹತ್ತಿರ ಇರುವುದಿಷ್ಟು: ಯಲಹಂಕದಲ್ಲಿ ಸ್ವಂತ ಮನೆ ಒಂದು, ಏಣಿ ಎರಡು, ಕೆಲಸದವರು ನಾಲ್ಕು, ಮಗಳು ಒಬ್ಬಳು, ಬೀಗರು ಒಬ್ಬರು, ಹೊಸ ಕಣ್ಣು ಒಂದು, ಹಳೇದು ಒಂದು.