ದೊಡ್ಡಪ್ಪನ ಪರವಾಗಿ ನಡೆದವರು

ಪ್ರಾಣಿಯ ಬೆನ್ನಿನ ಮೇಲೆ ಎರಡು ಅಡ್ಡ ಗೆರೆಗಳಿದ್ದವು. ಗೆರೆ ಕಾಣಿಸಿತೆಂದರೆ ಅದು ನಮಗೆ ಬೆನ್ನು ಹಾಕಿ ಕೂತಿದೆ ಎಂದರ್ಥ. ಬೆನ್ನು ಹಾಕಿ ಕೂತಿದೆ ಎಂದರೆ ಅದರ ಯಜಮಾನ ಬೆಳಗಿನಿಂದ ನಡೆದಿಲ್ಲ ಎಂದರ್ಥ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಳದಿ ಡಬ್ಬಿ, ಅದರಲ್ಲಿ ಅಂಚೆಚೀಟಿಯಷ್ಟಗಲದ ಪರದೆ, ಪರದೆಯಲ್ಲಿ ಕಪ್ಪು ಚುಕ್ಕೆಗಳಿಂದಾದ ಒಂದು ಗುಂಡನೆಯ ಪ್ರಾಣಿ. ಟೀವಿಯಲ್ಲಿ ಬರುತ್ತಿದ್ದ ಜಪಾನಿನ ಕಾರ್ಟೂನೊಂದರಿಂದ ಇಳಿದು ಬಂದದ್ದು. ಬೇರೆ ಊರುಗಳಲ್ಲಿ ಚಿಕ್ಕ ಮಕ್ಕಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರಂತೆ. ಹೊಳೆನರಸೀಪುರದಲ್ಲಿ ಅದು ಅರವತ್ತು ದಾಟಿದ ನಮ್ಮ ದೊಡ್ಡಪ್ಪನ ಜನಿವಾರದಲ್ಲಿ, ಬೀರುವಿನ ಕೀಲಿಕೈಯ ಪಕ್ಕ ನೇತಾಡುತ್ತಿತ್ತು.

ನಮ್ಮ ದೊಡ್ಡಪ್ಪ ಇನ್ನೊಬ್ಬರು ಇಡಬಹುದಾದ ಹೆಜ್ಜೆಯನ್ನು ಜೀವಮಾನದಲ್ಲಿ ತಾವು ಇಟ್ಟವರಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಅದು ಅವರ ಉದ್ಯೋಗವಾಗಿತ್ತು. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು.

ಆಟದ ಮೈದಾನದ ಅಂಚಿನಲ್ಲಿ ಒಂದು ಹೊಂಗೆಮರ, ಮರದ ಕೆಳಗೊಂದು ಕುರ್ಚಿ, ಕುರ್ಚಿಯಲ್ಲಿ ದೊಡ್ಡಪ್ಪ, ದೊಡ್ಡಪ್ಪನ ಬಾಯಲ್ಲಿ ಸೀಟಿ. ಒಂದು ಸಲ ಊದಿದರೆ ಓಡಬೇಕು, ಎರಡು ಸಲ ಊದಿದರೆ ನಿಲ್ಲಬೇಕು, ಮೂರು ಸಲ ಊದಿದರೆ ಯಾರಾದರೂ ಸ್ಟಾಫ್ ರೂಮಿನಿಂದ ಕಾಫಿಯ ಫ್ಲಾಸ್ಕು ತರಬೇಕು. ಆ ಕುರ್ಚಿಯಲ್ಲಿ ಕೂತೇ ಅವರು ಕಬಡ್ಡಿ ತಂಡವೊಂದನ್ನು ಜಿಲ್ಲಾ ಮಟ್ಟಕ್ಕೆ ಕಳಿಸಿದ್ದರು. ಕಳಿಸಿದ್ದರು ಎಂಬುದನ್ನು ಗಮನಿಸಬೇಕು, ತಾವು ಹೋಗಿರಲಿಲ್ಲ. ಮನೆಯಿಂದ ಸ್ಕೂಲಿಗೆ ಹೋಗುವ ಪ್ರಶ್ನೆ ಬಂದಾಗ ಬಾಗಿಲಲ್ಲಿ ನಿಂತು ಮೊದಲು ಬಂದ ಸೈಕಲ್ಲಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಊರಿನಲ್ಲಿ ಸೈಕಲ್ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಅವರ ಶಿಷ್ಯರಾಗಿದ್ದವರೇ, ಇಲ್ಲ ಎನ್ನುವುದು ಹೇಗೆ? ಬೀಳ್ಕೊಡುಗೆಯ ದಿನ ಹೆಡ್‌ಮಾಸ್ಟರು ಅವರನ್ನು ‘ದಣಿವರಿಯದ ಶಿಕ್ಷಕ’ ಎಂದು ಹೊಗಳಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ದೊಡ್ಡಮ್ಮನದು ಇದಕ್ಕೆ ತದ್ವಿರುದ್ಧವಾದ ಪ್ರಕೃತಿ. ಅವರಿಗೆ ಮಕ್ಕಳಿರಲಿಲ್ಲ. ನಮ್ಮಪ್ಪನ ಕೆಲಸ ಸಾಲಗಾಮೆಯಲ್ಲಿದ್ದುದರಿಂದ ನಾನು ಹೈಸ್ಕೂಲನ್ನು ಅವರ ಮನೆಯಲ್ಲಿದ್ದು ಓದಿದೆ. ಹಾಗಾಗಿ ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಮನೆಮಂದಿಯ ಜ್ವರ, ಪರೀಕ್ಷೆ, ಮದುವೆ, ವರ್ಗಾವಣೆ ಎಲ್ಲದಕ್ಕೂ ದೊಡ್ಡಮ್ಮನ ಬಳಿ ಇದ್ದ ಉಪಾಯ ಒಂದೇ. ಬೆಳಿಗ್ಗೆ ಸ್ನಾನ ಮಾಡಿ ಹೊಳೆಯ ದಾರಿಯ ಅರಳಿಕಟ್ಟೆಗೆ ಹೋಗುವುದು, ಯಾರಿಗೆ ಬೇಕೋ ಅವರ ಹೆಸರು, ಗೋತ್ರ, ನಕ್ಷತ್ರ ಹೇಳಿಕೊಂಡು ಮರಕ್ಕೆ ಪ್ರದಕ್ಷಿಣೆ ಹಾಕುವುದು. ಸುತ್ತುವವರು ಅವರು, ಫಲ ನಮಗೆ. ನಮ್ಮ ವಂಶದಲ್ಲಿ ಯಾರಿಗೆ ಏನು ಒಳ್ಳೆಯದಾಗಿದ್ದರೂ ಆ ಮರಕ್ಕೆ ಅದು ಮೊದಲೇ ಗೊತ್ತಿತ್ತು.

ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ಒಂದು ಹಬ್ಬದ ಊಟ ಮುಗಿಸಿ ಎಲೆಯ ಮುಂದಿನಿಂದ ಏಳುವಾಗ ದೊಡ್ಡಪ್ಪನಿಗೆ ಎದೆನೋವು ಬಂತು. ಹಾಸನಕ್ಕೆ ಕರೆದೊಯ್ದರು. ನರ್ಸಿಂಗ್ ಹೋಮಿನ ಡಾಕ್ಟರು ಅವರ ಹಳೆಯ ಶಿಷ್ಯ. ತಡವಾಗಿ ಬಂದದ್ದಕ್ಕೆ ಮೈದಾನ ಸುತ್ತಿ ಸುತ್ತಿ ಬೆಳೆದವರು. ಅಪಾಯ ದಾಟಿದ ಮೇಲೆ ಅವರು ಬಹಳ ವಿನಯದಿಂದ ಹೇಳಿದರು:

“ಸಾರ್, ಇನ್ಮೇಲೆ ದಿನಾ ಅರ್ಧ ಗಂಟೆ ನಡೀಬೇಕು.”

“ಒಂದೇ ಸಲಕ್ಕಾ?”

“ಒಂದೇ ಸಲಕ್ಕೆ ಸಾರ್.”

ದೊಡ್ಡಪ್ಪ, “ನೀನು ಆ ಕಾಲದ ಸೇಡು ಇಟ್ಕೊಂಡಿದೀಯ ಕಣಯ್ಯ,” ಎಂದರು.

ಡಾಕ್ಟರು ನಗಲಿಲ್ಲ. ನಡೆಯದಿದ್ದರೆ ಇನ್ನೊಂದು ಸಲ ಹೀಗಾದಾಗ ಕರೆದುಕೊಂಡು ಬರುವಷ್ಟು ಸಮಯ ಸಿಗುತ್ತದೆಂದು ಹೇಳಲಾರೆ ಎಂದರು. ಆ ಮಾತನ್ನು ಕೇಳಿಸಿಕೊಂಡವರು ದೊಡ್ಡಮ್ಮ ಒಬ್ಬರೇ. ದೊಡ್ಡಪ್ಪ ಆಗಲೇ ವಾರ್ಡ್‌ಬಾಯ್‌ನನ್ನು ಕಾಫಿಗೆ ಕಳಿಸುವುದರಲ್ಲಿದ್ದರು.

ನಾನು ರಜೆಗೆ ಹೋದಾಗ ದೊಡ್ಡಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ, ತಲೆ ಎತ್ತದೆ, “ನನ್ನ ಮಾತು ಕೇಳಲ್ಲ. ನಡೆದೆ ಅಂತ ಸುಳ್ಳು ಹೇಳ್ತಾರೆ. ನೀನು ಓದಿದೋಳು, ಏನಾದ್ರೂ ಮಾಡೇ,” ಎಂದರು.

ಓದಿದವಳು ಮಾಡಿದ್ದೇ ಈ ಹಳದಿ ಡಬ್ಬಿಯ ಏರ್ಪಾಟು. ಹಾಸ್ಟೆಲಿನ ಗೆಳತಿಯೊಬ್ಬಳಿಗೆ ಅವಳ ಸೋದರಮಾವ ಹೊರದೇಶದಿಂದ ತಂದುಕೊಟ್ಟಿದ್ದ ಆಟಿಕೆ, ಬೇಜಾರಾಗಿ ನನಗೆ ಕೊಟ್ಟಿದ್ದಳು. ಅದನ್ನು ಸಾಕಬೇಕು. ಅದಕ್ಕೆ ಹಾಲು, ಅನ್ನ ಏನೂ ಬೇಡ, ಸಾಕಿದವರು ನಡೆಯಬೇಕು. ಮೈ ಅಲುಗಿದ್ದನ್ನು ಅದು ಹೆಜ್ಜೆ ಎಂದು ಎಣಿಸುತ್ತದೆ. ನಡೆದರೆ ಕುಣಿಯುತ್ತದೆ, ನಡೆಯದಿದ್ದರೆ ಬೆನ್ನು ಹಾಕುತ್ತದೆ. ಸುಳ್ಳು ಹೇಳಲು ಬಾರದ ಸಾಕ್ಷಿ ಎಂದುಕೊಂಡು ದೊಡ್ಡಪ್ಪನ ಕೈಗಿತ್ತೆ.

ಅವರು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು. ಬೆನ್ನು ಹಾಕಿದ್ದ ಪ್ರಾಣಿಯನ್ನು, “ಲೇ, ಮೇಷ್ಟ್ರು ಬಂದಾಗ ಈ ಕಡೆ ತಿರುಗಬೇಕು ಅನ್ನೋದು ಗೊತ್ತಿಲ್ವೇನೋ?” ಎಂದು ಗದರಿದರು. ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಅವರಿಗೆ ಬೆನ್ನು ತೋರಿಸಿದ ವಿದ್ಯಾರ್ಥಿ ಇದೇ ಮೊದಲು. ಅದನ್ನು ದಾರಿಗೆ ತರುವುದು ಅವರ ಮರ್ಯಾದೆಯ ಪ್ರಶ್ನೆಯಾಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪ್ರಾಣಿ ಕುಣಿಯುತ್ತಿತ್ತು. ದೊಡ್ಡಪ್ಪ ಆರಾಮ ಕುರ್ಚಿಯಿಂದ ಎದ್ದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಹೋಗಿ ನೋಡಿದರೆ, ಡಬ್ಬಿ ಮಂಡಿಯ ಮೇಲೆ, ಮಂಡಿ ಗಡಗಡ ಅಲುಗುತ್ತಿದೆ, ಕೈಯಲ್ಲಿ ಪೇಪರು. ಅವರಿಗೆ ಕೂತಲ್ಲಿ ಕಾಲು ಕುಣಿಸುವ ಚಾಳಿ ಮೊದಲಿನಿಂದ ಇತ್ತು. ಅದಕ್ಕೊಂದು ಉಪಯೋಗ ಸಿಕ್ಕಿದ್ದು ಈಗ. ಇದು ನಡಿಗೆ ಅಲ್ಲ ಎಂದೆ. “ಕಾಲೇ ತಾನೇ ಆಡ್ತಿರೋದು?” ಎಂದರು.

ಮಂಡಿಯನ್ನು ದೊಡ್ಡಮ್ಮ ನಿಷೇಧಿಸಿದ ಮೇಲೆ ದೊಡ್ಡಪ್ಪನಿಗೆ ದೇಶಸಂಚಾರದ ಆಸಕ್ತಿ ಹುಟ್ಟಿತು. ಬೆಳಿಗ್ಗೆ ತಿಂಡಿ ಮುಗಿಸಿ ಸೈಕಲ್ಲೊಂದನ್ನು ಹತ್ತಿ ಬಸ್‌ಸ್ಟ್ಯಾಂಡಿಗೆ ಹೋಗುವರು, ಸಂಜೆ ಬರುವರು. ಪ್ರಾಣಿಗೆ ಆನಂದವೋ ಆನಂದ. ಅರಕಲಗೂಡಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋಗಿಬಂದರೆ ಒಂದು ದಿನದ ನಡಿಗೆ ಪೂರ್ತಿಯಾಗುತ್ತಿತ್ತಂತೆ. ರಾಮನಾಥಪುರದವರೆಗೂ ಮುಂದುವರಿದರೆ ಮರುದಿನಕ್ಕೂ ಉಳಿಯುತ್ತಿತ್ತಂತೆ. ಚನ್ನರಾಯಪಟ್ಟಣದ ದಾರಿಗೆ ಆಗತಾನೇ ಹೊಸ ಡಾಂಬರು ಬಿದ್ದಿತ್ತು. ಅಲ್ಲಿಂದ ಬಂದ ದಿನ ಪ್ರಾಣಿ ಬೆನ್ನು ಹಾಕಿತ್ತು. ದೊಡ್ಡಪ್ಪ, “ಆ ರಸ್ತೇಲಿ ಸತ್ವವಿಲ್ಲ,” ಎಂದು ತೀರ್ಮಾನಿಸಿದರು. ಜಿಲ್ಲೆಯ ರಸ್ತೆಗಳ ಗುಣಮಟ್ಟವನ್ನು ಇಷ್ಟು ನಿಷ್ಪಕ್ಷಪಾತವಾಗಿ ಅಳೆದವರು ಬೇರೊಬ್ಬರಿರಲಾರರು.

ಕೊನೆಗೆ ಬೆನ್ನುನೋವು ಬಂದು ಬಸ್ಸೂ ನಿಂತಿತು. ಆಶ್ಚರ್ಯವೆಂದರೆ ಪ್ರಾಣಿಯ ಕುಣಿತ ನಿಲ್ಲಲಿಲ್ಲ. ನಾನು ಮೈಸೂರಿನಿಂದ ಬಂದಾಗಲೆಲ್ಲ ಅದು ಕುಣಿಯುತ್ತಲೇ ಇತ್ತು. ದೊಡ್ಡಪ್ಪ ನಿಜವಾಗಿ ನಡೆಯುತ್ತಿದ್ದಾರೆ ಎಂದು ನಾವು ನಂಬಿಬಿಟ್ಟೆವು. ಹಾಸನದ ಡಾಕ್ಟರು ಮಾತ್ರ ನಂಬಲಿಲ್ಲ. ಎದೆಯ ಗ್ರಾಫು ಮೊದಲಿಗಿಂತ ಕೆಟ್ಟಿದೆ, ನಡೆದವರದು ಹೀಗಿರುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತವರು ಊರು ಬರುವವರೆಗೂ ತಿರುಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕೊತ್ತಂಬರಿ ಸೊಪ್ಪಿಗೆಂದು ಪೇಟೆ ಬೀದಿಗೆ ಹೋದೆ. ನಮ್ಮ ಮನೆಗೆ ಹಾಲು ಹಾಕುವ ನಿಂಗಮ್ಮ ಕ್ಯಾನು ಹೊತ್ತು ಎದುರಿಗೆ ಬರುತ್ತಿದ್ದಳು. ಅವಳ ಸೊಂಟದಲ್ಲಿ ಎಲೆಅಡಿಕೆ ಚೀಲದ ಪಕ್ಕ, ಹಳದಿ ಡಬ್ಬಿ. ಕೇಳಿದೆ.

“ಮೇಷ್ಟ್ರುದು ಕಣವ್ವ,” ಎಂದಳು, ಏನೂ ಮುಚ್ಚುಮರೆಯಿಲ್ಲದೆ. “ದಿನಾ ಒತ್ತಾರೆ ಅಮ್ಮೋರು ಕಟ್ಟೆಗೆ ಓದ್ ಮ್ಯಾಕೆ ನನ್ ಕೈಗೆ ಒಂದ್ ಉದ್ದರಣೆ ನೀರು ಬುಟ್ಟು ಅದೇನೇನೋ ಏಳ್ತರೆ. ಆಮ್ಯಾಕೆ ಇದ್ನ ಸಿಗ್ಸ್ಕೊಂಡು ಓಗು ಅಂತರೆ. ನಾನೆಂಗೂ ಊರೆಲ್ಲಾ ಸುತ್ತೋಳೇ ಅಲ್ವಾ? ಓಯ್ತೀನಿ.”

ಅಂದರೆ ದೊಡ್ಡಪ್ಪ ಶಾಸ್ತ್ರೋಕ್ತವಾಗಿ ಸಂಕಲ್ಪ ಮಾಡಿಸಿ, ತಮ್ಮ ಹೆಸರು, ಗೋತ್ರ, ನಕ್ಷತ್ರ ಹೇಳಿ, ತಮ್ಮ ಆಯುರಾರೋಗ್ಯಕ್ಕಾಗಿ ನಿಂಗಮ್ಮನನ್ನು ನಡೆಯಲು ಕಳಿಸುತ್ತಿದ್ದರು! ಅವಳು ಹಾಲು ಹಾಕಿ ಮುಗಿಸಿ ಬಂದು ಡಬ್ಬಿ ಒಪ್ಪಿಸಿ ಕಾಫಿ ಕುಡಿದು ಹೋಗುತ್ತಿದ್ದಳು.

ಮನೆಗೆ ಬಂದು, ಇದು ಮೋಸ ಎಂದೆ. ದೊಡ್ಡಪ್ಪ ಪೇಪರು ಮಡಿಸಿಟ್ಟರು.

“ನಿನ್ನ ಬಿ.ಎಸ್ಸಿ. ಪರೀಕ್ಷೆಗೆ ಅರಳೀಮರ ಸುತ್ತಿದ್ದು ಯಾರು?”

“ದೊಡ್ಡಮ್ಮ.”

“ಪಾಸಾಗಿದ್ದು?”

“ನಾನು.”

“ಕಾಲು ಅವಳದು, ಫಸ್ಟ್ ಕ್ಲಾಸು ನಿಂದು. ಆವಾಗ ಮೋಸ ಅನ್ನಲಿಲ್ಲವಲ್ಲ?”

ನನ್ನ ವಿಷಯ ಭೌತಶಾಸ್ತ್ರ. ಬಲಕ್ಕೂ ದೂರಕ್ಕೂ ಕೆಲಸಕ್ಕೂ ಇರುವ ಸಂಬಂಧ ಬಾಯಿಪಾಠವಿತ್ತು. ಅದು ಆ ಹೊತ್ತಿನಲ್ಲಿ ಯಾವ ಸಹಾಯಕ್ಕೂ ಬರಲಿಲ್ಲ. ಪ್ರದಕ್ಷಿಣೆಯ ಫಲ ವರ್ಗಾವಣೆಯಾಗುತ್ತದೆ ಎಂದರೆ ನಡಿಗೆಯ ಫಲವೂ ಆಗಬೇಕು. ಆಗುವುದಿಲ್ಲ ಎಂದರೆ ನನ್ನ ಫಸ್ಟ್ ಕ್ಲಾಸಿನ ಬಗ್ಗೆ ದೊಡ್ಡಮ್ಮನೆದುರು ಏನು ಹೇಳಲಿ? ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

ಅವರು ಜಗಳವಾಡಲಿಲ್ಲ. ಗಂಡನ ಕೈಯಿಂದ ಡಬ್ಬಿ ತೆಗೆದುಕೊಂಡರು. “ಅದಕ್ಕೆ ನಿಂಗಮ್ಮ ಯಾಕೆ? ನಾನಿಲ್ವಾ?” ಎಂದರು.

ಅಂದಿನಿಂದ ಪ್ರಾಣಿ ದೊಡ್ಡಮ್ಮನ ಸೊಂಟದಲ್ಲಿ ಅರಳಿಕಟ್ಟೆಗೆ ಹೋಗತೊಡಗಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮಂಡಿನೋವಿನ ಎಣ್ಣೆಯ ವಾಸನೆ ಮನೆಯಲ್ಲಿ ಕಾಯಮ್ಮಾಯಿತು. ಆ ಮಳೆಗಾಲ ನಮ್ಮ ಮನೆಯಲ್ಲಿ ಪ್ರಾಣಿಯಷ್ಟು ಸುಖವಾಗಿದ್ದವರು ಯಾರೂ ಇಲ್ಲ. ಒಂದು ದಿನ ಕಟ್ಟೆಯ ಪಾಚಿಯ ಮೇಲೆ ದೊಡ್ಡಮ್ಮನ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಎತ್ತಿದವರು ಹೇಳಿದ್ದು, ಡಬ್ಬಿಗೆ ಏನೂ ಆಗಿರಲಿಲ್ಲವಂತೆ, ಪ್ರಾಣಿ ಕುಣಿಯುತ್ತಲೇ ಇತ್ತಂತೆ.

ಸುದ್ದಿ ತಿಳಿದು ನಾನು ಮೈಸೂರಿನಿಂದ ಹಾಸನಕ್ಕೆ ಬರುವ ಹೊತ್ತಿಗೆ ಅದೇ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಗಿತ್ತು. ದೊಡ್ಡಮ್ಮನಿಗೆ ಜ್ವರ ಬಿಟ್ಟಿರಲಿಲ್ಲ. ಎದ್ದು ಓಡಾಡುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಎಂದು ನರ್ಸ್ ಹೇಳಿದರು. ದೊಡ್ಡಪ್ಪ ಮಂಚದ ಹತ್ತಿರ ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

“ಬೆಳಿಗ್ಗೆ ಹೋಗ್ತಾರೆ, ಸಂಜೆ ಹೋಗ್ತಾರೆ,” ಎಂದರು ದೊಡ್ಡಮ್ಮ. “ಕಾಫಿ ಚೆನ್ನಾಗಿರೋ ಹೋಟ್ಲು ಹುಡುಕ್ಕೊಂಡಿರಬೇಕು.”

ಕಾರಿಡಾರಿನಲ್ಲಿ ಡಾಕ್ಟರೇ ನನ್ನನ್ನು ತಡೆದು ಹಿಂದಿನ ಕಿಟಕಿಯ ಹತ್ತಿರ ಕರೆದೊಯ್ದರು. ಕಾಂಪೌಂಡಿನ ಆಚೆ ಸಣ್ಣದೊಂದು ಗಣಪತಿ ಗುಡಿ, ಗುಡಿಯ ಪಕ್ಕ ಅರಳಿಮರ. ಪಂಚೆ ಎತ್ತಿಕಟ್ಟಿ, ಬರಿಗಾಲಿನಲ್ಲಿ, ಅಲ್ಲಲ್ಲಿ ಕಟ್ಟೆಯ ಅಂಚು ಹಿಡಿದು ನಿಂತು, ಮತ್ತೆ ಹೊರಟು, ದೊಡ್ಡಪ್ಪ ಅದನ್ನು ಸುತ್ತುತ್ತಿದ್ದರು.

“ನಡೀರಿ ಅಂದವನು ನಾನೇ,” ಎಂದರು ಡಾಕ್ಟರು. “ನಿಲ್ಲಿಸಿ ಅಂದ್ರೆ ಈಗ ನನ್ನ ಮಾತು ಕೇಳ್ತಿಲ್ಲ. ಆ ಹೃದಯಕ್ಕೆ ಇಷ್ಟು ಬೇಡ. ನೀವಾದ್ರೂ ಹೇಳಿ.”

ಹೋಗಿ ಪಕ್ಕದಲ್ಲಿ ನಡೆಯುತ್ತಾ, ಸಾಕು ದೊಡ್ಡಪ್ಪ ಎಂದೆ. ಅವರು ಬೆರಳೆತ್ತಿ ಸುಮ್ಮನಿರಿಸಿದರು. ಸುತ್ತು ಮುಗಿದ ಮೇಲೆ ಕಟ್ಟೆಯ ಮೇಲೆ ಕೂತರು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಜನಿವಾರದಲ್ಲಿದ್ದ ಡಬ್ಬಿಯನ್ನು ನಾನೇ ತಿರುಗಿಸಿ ನೋಡಿದೆ. ಪರದೆ ಖಾಲಿ. ಪ್ರಾಣಿಯೂ ಇಲ್ಲ, ಗೆರೆಯೂ ಇಲ್ಲ.

“ಸೆಲ್ ಹೋಗಿದೆ, ದೊಡ್ಡಪ್ಪ.”

“ಗೊತ್ತು. ಆಪರೇಷನ್ ದಿನವೇ ಹೋಯ್ತು.”

“ಹೊಸದು ಹಾಕಿಸಬಾರದಾಗಿತ್ತಾ?”

“ಅದನ್ನ ನೀನು ತಂದಿದ್ದು ನನ್ನ ಕಾವಲಿಗೆ. ಈ ನಡಿಗೆಗೆ ಕಾವಲು ಯಾಕೆ?” ಪಂಚೆಯ ತುದಿಯಿಂದ ಕುತ್ತಿಗೆ ಒರೆಸಿಕೊಂಡರು. ಆಮೇಲೆ, ನನ್ನ ಕಡೆ ನೋಡದೆ, “ಅವಳು ಎದ್ದು ನಡೀಬೇಕು ಕಣೇ. ನನ್ನ ಪರವಾಗಿ ನಡೆಯೋಕೆ ನನಗೆ ಇನ್ಯಾರಿದಾರೆ?” ಎಂದರು.

ಅವರ ತೋಳು ಹಿಡಿದು ಒಳಗೆ ಕರೆತಂದೆ. ಹಿಡಿಯಲು ಬಿಟ್ಟರು.

ಮರುದಿನ ಬೆಳಿಗ್ಗೆ ದೊಡ್ಡಮ್ಮನ ಜ್ವರ ಇಳಿದಿತ್ತು. ದೊಡ್ಡಪ್ಪ ಕಾರಿಡಾರಿನ ಬೆಂಚಿನ ಮೇಲೆ ಇನ್ನೂ ಮಲಗಿದ್ದರು. ದೊಡ್ಡಮ್ಮನಿಗೆ ಕಾಫಿ ಕುಡಿಸಿ, ಲೋಟ ತೊಳೆದಿಟ್ಟು, ದೊಡ್ಡಪ್ಪನ ನಕ್ಷತ್ರ ಯಾವುದು ಎಂದು ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. “ಅನೂರಾಧಾ,” ಎಂದರು. ಗೋತ್ರ ನನ್ನದೂ ಅದೇ ಆದ್ದರಿಂದ ಕೇಳಬೇಕಾಗಿರಲಿಲ್ಲ. ಚಪ್ಪಲಿಯನ್ನು ಮಂಚದ ಕೆಳಗೆ ಬಿಟ್ಟು, ಹಿಂದಿನ ಬಾಗಿಲಿನಿಂದ ಅರಳಿಮರದ ಕಡೆಗೆ ಹೋದೆ.