ಆಟದ ಖೋಲಿಗೆ ಬಂದ ಸಂಶಯಗಳು

ನಮ್ಮ ಬೆಳಗಾವಿ ಕಡೆ ಹರೆಯದ ಮಕ್ಕಳು ಜೋರಾಗಿ ಮಾತಾಡಿದರೂ ಸಂಶಯ, ಸುಮ್ಮನೆ ಕೂತರೂ ಸಂಶಯ. ಅವೆಲ್ಲ ದಿನ ಬೆಳಗಾದರೆ ನನ್ನ ಬಾಗಿಲಿಗೇ ಬರುತ್ತವೆ. ನಾನು ಪಿಯು ಕಾಲೇಜಿನ ಪಿ.ಟಿ. ಮಾಸ್ತರ. ಮಕ್ಕಳ ಮನಸ್ಸಿನ ಕಷ್ಟ ಕೇಳಲು ಒಬ್ಬರು ಬೇಕೆಂದು ಆದೇಶ ಬಂದಾಗ ಪ್ರಾಚಾರ್ಯರು ನನ್ನನ್ನು ಕರೆದು, “ಬಿಸಲಾಗ ನಿಮಗೇನು ಕೆಲಸ ಇರಂಗಿಲ್ಲ. ಖೋಲಿನೂ ಐತಿ. ನೀವ ಮಾಡ್ರಿ” ಅಂದರು. ಒಂದಿಷ್ಟು ತರಬೇತಿ ಆಯಿತು. ಆಟದ ಸಾಮಾನಿಡುವ ಖೋಲಿಗೆ ‘ಆಪ್ತ ಸಮಾಲೋಚನೆ’ ಎಂಬ ಬೋರ್ಡು ಬಿತ್ತು. ತರಬೇತಿಯಲ್ಲಿ ಹೇಳಿದ್ದರಲ್ಲಿ ಒಂದೇ ನೆನಪಿದೆ: ಮೊದಲು ಕೇಳಿಸಿಕೊಳ್ಳಿ. ಸೀಟಿ ಊದಿ ರೂಢಿಯಾದವನಿಗೆ ಅದೇ ಕಷ್ಟ.

ಚಾದರದೊಳಗಿನ ನಗು

ಮಚ್ಛೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ತಂದೆಯೊಬ್ಬರು ಬಂದರು. ಬಾಗಿಲು ಹಾಕಿ, ಕಿಟಕಿಯಾಚೆ ಯಾರಿಲ್ಲವೆಂದು ನೋಡಿಕೊಂಡು ದನಿ ಇಳಿಸಿದರು.

“ಸರ, ನನ್ನ ಮಗ ಮುಂಜಾನೆ ಎದ್ದಕೂಡ್ಲೆ ಮೊಬೈಲ್ ನೋಡಿ ಒಬ್ಬನ ನಗತಾನ್ರಿ. ನನ್ನ ಕಂಡ್ರ ಮುಚ್ಚಿಡ್ತಾನ. ಖರೇ ಹೇಳ್ತೀನಿ, ಯಾವದೋ ಹುಡುಗಿ ಐತಿ.”

ಮರುದಿನ ಮಗನನ್ನು ಕರೆದು ಕೇಳಿದೆ. ಹೇಳಿದ: “ಅಪ್ಪ ದಿನಾ ಮುಂಜಾನೆ ಮನಿ ಗ್ರೂಪಿಗೆ ಸುವಿಚಾರ ಹಾಕ್ತಾರ್ರಿ. ‘ಸಿಟ್ಟು ಮನುಷ್ಯನ ವೈರಿ’ ಅಂತ ಹಾಕಿ, ಫೋನ್ ಕೆಳಗಿಟ್ಟು, ಚಹಾ ಆರೇತಿ ಅಂತ ಅವ್ವನ ಮ್ಯಾಲೆ ಒದರ್ತಾರ. ಎದುರಿಗೆ ನಕ್ಕರ ನನಗೂ ಬೀಳ್ತಾವ. ಅದಕ್ಕ ಚಾದರ ಒಳಗ ನಗತೀನಿ. ನೀವ ಹೇಳಿಬಿಡ್ರಿ ಸರ, ನನಗ ಧೈರ್ಯ ಇಲ್ಲ.”

ತಂದೆಯನ್ನು ಕರೆಸಿ ಹೇಳಿದೆ: “ಹುಡುಗಿ ಯಾರೂ ಇಲ್ರಿ.”

“ಹಂಗಾರ ಅವನ್ನ ನಗಸೂದು ಯಾರ್ರಿ?”

“ನೀವ.”

ತಲೆ ತಿರುಗಿದ ಕ್ಲಾಸು

ರಸಾಯನಶಾಸ್ತ್ರದ ಟೆಸ್ಟಿನ ದಿನ ಒಬ್ಬ ಹುಡುಗಿಗೆ ತಲೆ ತಿರುಗಿತು. ಅವಳನ್ನು ನೋಡಿ ಬಾಜೂದವಳಿಗೂ ತಿರುಗಿತು. ನಾನು ಓಡಿ ಹೋಗುವಷ್ಟರಲ್ಲಿ ಅರ್ಧ ಕ್ಲಾಸು ಬೆಂಚಿನ ಮೇಲೆ ಒರಗಿತ್ತು. ಕನ್ನಡ ಸರ್‌ಗೆ ಕ್ಯಾಂಟೀನಿನ ವಡೆಯ ಮೇಲೆ ಸಂಶಯ, ಸಿಪಾಯಿಗೆ ಹಿತ್ತಲ ಹುಣಸೆಮರದ ಮೇಲೆ ಸಂಶಯ. ಟೆಸ್ಟ್ ಇಟ್ಟ ಮೇಡಂಗೆ ಇಡೀ ಕ್ಲಾಸಿನ ಮೇಲೇ: “ನಾಟಕ ಮಾಡಾಕತ್ತಾವ್ರಿ.”

ನಾಟಕವಾಗಿರಲಿಲ್ಲ. ಕೈಗಳು ನಿಜಕ್ಕೂ ತಣ್ಣಗಿದ್ದವು. ಅಂಜಿಕೆ ಎನ್ನುವುದು ಆಕಳಿಕೆಯ ಹಾಗೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಕಿಟಕಿ ತೆಗೆಸಿ, ನೀರು ಕುಡಿಸಿ, ಮೇಡಂ ಬಾಯಿಂದಲೇ “ಇವತ್ತ ಟೆಸ್ಟ್ ಇಲ್ಲ” ಎನ್ನಿಸಿದೆ. ಒಬ್ಬೊಬ್ಬರಾಗಿ ಎದ್ದು ಕೂತರು. ಅಲ್ಲಿಯತನಕ ಮೊದಲ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದ ಒಬ್ಬಳು ಮಾತ್ರ ಆಗ ಧೊಪ್ಪನೆ ಬಿದ್ದಳು.

ಓದಿಕೊಂಡು ಬಂದವಳು ಅವಳೊಬ್ಬಳೇ.

ಬಾರದ ಕಾಲು

ವಾರಕ್ಕೊಮ್ಮೆ ಖಾನಾಪುರದ ಕಾಲೇಜಿಗೂ ಹೋಗುತ್ತೇನೆ. ಅಲ್ಲಿಗೆ ಗುಂಜಿಯಿಂದ ರೈಲಿನಲ್ಲಿ ಬರುವ ಹುಡುಗನೊಬ್ಬ ಕ್ಲಾಸಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದ. ಇತಿಹಾಸದ ಸರ್‌ಗೆ ಗಾಂಜಾದ ಸಂಶಯ. “ಕಣ್ಣು ನೋಡ್ರಿ, ಕೆಂಪಗ ಅದಾವ.”

ಅತ್ತರೂ ಕಣ್ಣು ಕೆಂಪಗಾಗುತ್ತವೆ. ಹುಡುಗನ ಮನೆಮಾತು ಮರಾಠಿ. ಮರಾಠಿಯಲ್ಲಿ ‘ಕಾಲ್’ ಎಂದರೆ ನಿನ್ನೆ. ಕ್ಲಾಸು ಯಾಕೆ ತಪ್ಪಿಸಿದೆ ಎಂದು ಒಂದು ದಿನ ಸರ್ ಕೇಳಿದಾಗ ಗಡಿಬಿಡಿಯಲ್ಲಿ, “ಕಾಲ್ ಬರ್ಲಿಲ್ರಿ ಸರ” ಅಂದಿದ್ದ. “ಕಾಲ್ ಬರಲಿಲ್ಲ ಅಂದ್ರ ನೀ ಹೆಂಗ ಬಂದೀಪಾ?” ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮರಾಠಿ ಗೊತ್ತಿದ್ದವರೇ ಹೆಚ್ಚು ನಕ್ಕರು. ಅಂದಿನಿಂದ ಹಿಂದಿನ ಬೆಂಚಿನವನು ದಿನಾ ಗೇಟಿನಲ್ಲೇ ನಿಂತು, “ಕಾಲ್ ಬಂತೇನೋ?” ಎನ್ನುತ್ತಿದ್ದ.

ನನಗೆ ಬುದ್ಧಿಮಾತು ಬರುವುದಿಲ್ಲ. ಹುಡುಗನನ್ನು ಕಬಡ್ಡಿಗೆ ಇಳಿಸಿದೆ. ಎದುರಿನ ತಂಡದಿಂದ ಅದೇ ಹಿಂದಿನ ಬೆಂಚಿನವನು ತೊಡೆ ತಟ್ಟುತ್ತ ಒಳಗೆ ಬಂದ. ನಮ್ಮ ಹುಡುಗ ಜಿಗಿದು ಅವನ ಹಿಮ್ಮಡಿ ಹಿಡಿದ. ಆತ ಕೊಸರಿದ, ಹೊರಳಿದ, ಮಣ್ಣು ತಿಂದ. ಇವನು ಹಿಡಿತ ಬಿಡಲಿಲ್ಲ. ಎಷ್ಟೋ ದಿನಗಳ ಮೇಲೆ ಹುಡುಗನ ಬಾಯಿಂದ ಮಾತು ಬಂತು:

“ಸರ, ಇವತ್ತ ಕಾಲ್ ಬಂತ್ರಿ!”

ಇಬ್ಬರು ಅವ್ವಂದಿರು

ನನ್ನ ಖೋಲಿಗೆ ಬಂದವರ ಮನೆಯಲ್ಲಿ ‘ಏನೋ ಐತಿ’ ಎಂದು ಓಣಿ ಮಾತಾಡಿಕೊಳ್ಳುತ್ತದೆ. ಹಾಗಾಗಿ ತಾಯಂದಿರು ಮಾಸ್ಕ್ ಹಾಕಿಕೊಂಡೇ ಬರುತ್ತಾರೆ. ಶಿವಬಸವ ನಗರದ ಒಬ್ಬರು ಹಾಗೆ ಬಂದು ಕೂತರು. ಮಗಳಿಗೆ ಪರೀಕ್ಷೆಯಲ್ಲಿ ಮಾರ್ಕ್ಸು ಕಡಿಮೆ ಬಂದಿದ್ದವು. ದೊಡ್ಡಮ್ಮನ ಮಗಳ ಮಾರ್ಕ್ಸು ಹೇಳಿ ಹೇಳಿ ಇವರು ಬೈದಿದ್ದರು. ಅವಳು ಮನೆಯಲ್ಲಿ ಮಾತೇ ಬಿಟ್ಟಿದ್ದಳು. “ಹೂಂ ಅಂತಾಳ, ಊಂಹೂಂ ಅಂತಾಳ, ಅಷ್ಟರೀ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಆಗಲೇ ಬಾಗಿಲಲ್ಲಿ ಇನ್ನೊಂದು ಮಾಸ್ಕ್ ಕಂಡಿತು. ಅವರ ಬಾಜೂ ಮನೆಯವರು! ಮುಖ ಮುಚ್ಚಿದ್ದರೇನು, ಒಬ್ಬರ ಸೀರೆ ಇನ್ನೊಬ್ಬರಿಗೆ ಗೊತ್ತು.

“ನೀವೇನ್ರಿ ಇಲ್ಲಿ?”

“ನಾ... ಶಟಲ್ ಬ್ಯಾಟ್ ಕೇಳಾಕ ಬಂದಿದ್ದೆ. ಡಾಕ್ಟರ್ ತೂಕ ಇಳಸ್ರಿ ಅಂದಾರ. ನೀವು?”

“ನಾನೂ ಅದಕ್ಕರೀ!”

ಇಬ್ಬರೂ ನನ್ನ ಮುಖ ನೋಡಿದರು. ಎರಡು ಬ್ಯಾಟು ಕೊಟ್ಟೆ. ಇನ್ನೊಬ್ಬರನ್ನು ಅಲ್ಲಿ ಬಿಟ್ಟು ಮೊದಲು ಹೊರಡಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಸೆರಗು ಸಿಗಿಸಿಕೊಂಡು ಮೈದಾನಕ್ಕೇ ಇಳಿದರು. ಒಬ್ಬರ ಚಪ್ಪಲಿ ಹಾರಿತು, ಒಬ್ಬರು ಹೊಡೆದ ಶಟಲ್ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಮಾಸ್ಕ್ ಕಿತ್ತೊಗೆದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕ್ಲಾಸಿನ ಕಿಟಕಿಗಳ ತುಂಬ ತಲೆಗಳು. ಅಲ್ಲಿಂದ ಒಬ್ಬಳು ಓಡಿ ಬಂದಳು. ಮನೆಯಲ್ಲಿ ಮಾತು ಬಿಟ್ಟ ಅದೇ ಮಗಳು. ನನ್ನ ಖೋಲಿಯ ಬಾಗಿಲು ಹಾಕಿ, ಒಂದೇ ಉಸಿರಿಗೆ ಶುರುಮಾಡಿದಳು:

“ಸರ, ಅಲ್ಲಿ ಆಡಾಕತ್ತಾಳಲ್ಲ, ಅಕಿ ನಮ್ಮವ್ವ ರೀ. ಹಿಂಗ ನಕ್ಕಿದ್ದು ನಾ ಎಂದೂ ನೋಡಿಲ್ಲ. ಅಕಿಗೆ ಏನೋ ಆಗೇತ್ರಿ, ನನಗ ಅಂಜಿಕಿ ಬರಾಕತ್ತೈತಿ. ನೀವು ಸ್ವಲ್ಪ ಕರದು ಮಾತಾಡಸ್ರಿ. ನಾ ಹೇಳೀನಿ ಅಂತ ಮಾತ್ರ ಅಕಿ ಮುಂದ ಹೇಳಬ್ಯಾಡ್ರಿ!”