ಪೈಲಟ್ ಆದ ಮೇಲೆಯೇ ಲಗ್ನ

ಮದುವೆಯ ಗಂಡುಗಳು ಷರತ್ತು ಹಾಕುವುದನ್ನು ನೀವೂ ಕಂಡಿರುತ್ತೀರಿ. ಒಬ್ಬನಿಗೆ ಬೆಳ್ಳಗಿನ ಹುಡುಗಿ ಬೇಕು, ಇನ್ನೊಬ್ಬನಿಗೆ ಹಾಡು ಬರುವವಳು, ಮತ್ತೊಬ್ಬನಿಗೆ ಹುಡುಗಿ ಹೇಗಿದ್ದರೂ ನಡೆದೀತು, ಮೋಟರ್ ಸೈಕಲ್ ಬೇಕು. ಆದರೆ ಹುಡುಗಿ ವಿಮಾನ ಹಾರಿಸಲು ಕಲಿತು, ನೌಕರಿಗೆ ಸೇರಿದ ಮೇಲೆಯೇ ತಾಳಿ ಕಟ್ಟುತ್ತೇನೆ ಎಂದ ಗಂಡಸು ಈ ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ಸೋದರಮಾವ. ಆ ಹುಡುಗಿ ಬೇರೆ ಯಾರೂ ಅಲ್ಲ, ನಾನು!

ನಮ್ಮ ಮನೆತನದಲ್ಲಿ ಅಕ್ಕನ ಮಗಳು ತಮ್ಮನಿಗೆ ಎಂಬುದು ತೊಟ್ಟಿಲಲ್ಲೇ ತೀರ್ಮಾನವಾಗುವ ಸಂಗತಿ. ನಾವು ಕಿತ್ತೂರಿನವರು. ಮಾಮ ಬೈಲಹೊಂಗಲದಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ನನಗಿಂತ ಹತ್ತು ವರ್ಷ ದೊಡ್ಡವ. ತೊಂಬತ್ತರ ದಶಕದ ನಡುವೆ ನಾನು ಹತ್ತನೆಯ ತರಗತಿ ಪಾಸಾದೆ. ಮಾಮನ ತಾಯಿ, ಅಂದರೆ ನನ್ನ ಆಯಿ, ಪಾಸಾದ ಪೇಢೆ ತಿಂದು ಬಾಯಿ ಒರೆಸಿಕೊಳ್ಳುವಷ್ಟರಲ್ಲೇ ಮುಹೂರ್ತದ ಮಾತು ತೆಗೆದಳು. ನನಗೆ ಹದಿನಾರು. ಕಾಲೇಜು ಕಲಿಯಬೇಕೆಂಬ ಆಸೆ ಹೊಟ್ಟೆ ತುಂಬ ಇತ್ತು. ಆದರೆ ನನ್ನನ್ನು ಕೇಳುವವರು ಯಾರು? ಮಾಮ ಹೂಂ ಅಂದರೆ ಬೈಲಹೊಂಗಲ, ಒಲ್ಲೆ ಅಂದರೆ ರಾಮದುರ್ಗ. ಅಲ್ಲಿಯ ಒಂದು ಮನೆಯವರು ನನ್ನನ್ನು ಮಾಡಿಕೊಳ್ಳಲು ತುದಿಗಾಲ ಮೇಲೆ ನಿಂತಿದ್ದರು.

ಮಾಮ ಚಹಾದ ಬಸಿ ಕೆಳಗಿಟ್ಟು ಹೇಳಿದ, "ಆಗತೇನಿ. ಆದ್ರ ಆಕಿ ಪೈಲಟ್ ಆಗಬೇಕು. ಆಮ್ಯಾಲ."

ಪೈಲಟ್ ಅಂದರೆ ಏನೆಂದು ಆಯಿ ಕೇಳಿದಳು. ವಿಮಾನದ ಡ್ರೈವರ್ ಎಂದು ಅಪ್ಪ ಬಿಡಿಸಿ ಹೇಳಿದ. ಆಯಿ ನಕ್ಕಳು, ಆಮೇಲೆ ಅತ್ತಳು. ಅವ್ವ ತಮ್ಮನ ಹಣೆ ಮುಟ್ಟಿ ನೋಡಿದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನಾನು ಕನ್ನಡ ತೆಗೆದುಕೊಂಡು ಆರ್ಟ್ಸ್ ಓದಬೇಕೆಂದವಳು. ಯಾರ ಆಕಾಶಕ್ಕೂ ನಾನು ಅರ್ಜಿ ಹಾಕಿರಲಿಲ್ಲ!

ಮುಂದಿನ ವಾರ ಮಾಮ ಒಂದು ಯೋಜನೆಯನ್ನೇ ಹೊತ್ತು ತಂದ. ಯಾವುದೋ ತರಬೇತಿ ಶಾಲೆಗೆ ಪತ್ರ ಬರೆದು ಮಾಹಿತಿ ತರಿಸಿ, ಹಳೆಯ ಕ್ಯಾಲೆಂಡರಿನ ಹಿಂದೆ ಕೆಂಪು ಶಾಯಿಯಲ್ಲಿ ಬರೆದಿದ್ದ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, ಆಮೇಲೆ ವೈದ್ಯಕೀಯ ಪರೀಕ್ಷೆ, ಆಮೇಲೆ ಕಲಿಯುವವರ ಲೈಸೆನ್ಸು, ಇನ್ನೂರು ತಾಸು ಹಾರಾಟ, ದೊಡ್ಡ ಲೈಸೆನ್ಸು, ಎಲ್ಲಕ್ಕೂ ಕೊನೆಗೆ ನೌಕರಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಲಗ್ನ". ಅದನ್ನು ನಮ್ಮ ಪಡಸಾಲೆಯಲ್ಲಿ ಮೊಳೆ ಹೊಡೆದು ತೂಗುಹಾಕಿದ. ಬಂದ ಬೀಗರೆಲ್ಲ ಅದನ್ನು ಓದಿ, ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದರು. ನನಗೆ ಸೈನ್ಸ್ ಕಾಲೇಜಿನ ಫಾರ್ಮು ತುಂಬಿದವನೂ ಅವನೇ. ನಾನು ಮೂರು ದಿನ ಉಣ್ಣದೆ ಕುಳಿತೆ. ಯಾರಾದರೂ ಕ್ಯಾರೇ ಅಂದರೆ ಕೇಳಿ!

ಅಷ್ಟಕ್ಕೇ ಬಿಟ್ಟನೇ? ಪೈಲಟ್ಟಿನ ಕಣ್ಣು ಚುರುಕಿರಬೇಕೆಂದು ವಾರಕ್ಕೊಂದು ಚೀಲ ಗಜ್ಜರಿ ತರುತ್ತಿದ್ದ. ಗಜ್ಜರಿ ಪಲ್ಯ, ಗಜ್ಜರಿ ಕೋಸಂಬರಿ, ಹಬ್ಬ ಬಂದರೆ ಗಜ್ಜರಿ ಹಲ್ವಾ. ಟಿ.ವಿ. ಬಂದ್. ಎತ್ತರ ಸಾಲದೆಂದು ದನದ ಮನೆಯ ತೊಲೆಗೆ ದಿನಾ ಹತ್ತು ನಿಮಿಷ ಜೋತುಬೀಳಬೇಕೆಂದು ಅಪ್ಪಣೆ ಮಾಡಿದ. ತರಿಸಿದ ಮಾಹಿತಿಯಲ್ಲಿ ಎತ್ತರದ ಮಾತೇ ಇರಲಿಲ್ಲ. ಎರಡು ವರ್ಷ ಜೋತುಬಿದ್ದರೂ ನಾನು ಒಂದಿಂಚು ಬೆಳೆಯಲಿಲ್ಲ. ನಮ್ಮ ಎಮ್ಮೆ ಮಾತ್ರ ನನ್ನನ್ನು ಕಂಡು ಹೆದರಿ ಹಾಲು ಕಡಿಮೆ ಮಾಡಿತು.

ಇನ್ನು ಈ ಮಹಾಶಯನ ಯೋಗ್ಯತೆ ಕೇಳಿ. ಬಸ್ಸು ಹತ್ತಿದರೆ ವಾಂತಿ! ಬೆಳಗಾವಿಯ ಹತ್ತಿರ ವಿಮಾನ ಇಳಿಯುವ ಜಾಗ ತೋರಿಸುತ್ತೇನೆಂದು ಒಮ್ಮೆ ನನ್ನನ್ನು ಕರೆದುಕೊಂಡು ಹೊರಟ. ಎಂ.ಕೆ. ಹುಬ್ಬಳ್ಳಿ ಬರುವಷ್ಟರಲ್ಲಿ, ಮುಂದಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ನಿಂತು ನಿಂತು ಹೋಗಿ, ಅವನ ಮುಖ ಹಿಂಡಿದ ಬಟ್ಟೆಯಂತಾಗಿತ್ತು. ಕಿಟಕಿಯ ಹೊರಗೆ ತಲೆ ಹಾಕಿದವನು ಒಳಗೆ ತೆಗೆದದ್ದು ಒಂದೇ ಸಲ. ಅದೂ ನನಗೆ, ವಿಮಾನದಲ್ಲಿ ಮಾಡುವ ಹಾಗೆ, ಮುಂದಿನ ಊರು ಯಾವುದೆಂದು ಇಂಗ್ಲಿಷಿನಲ್ಲಿ ಜೋರಾಗಿ ಹೇಳು ಎನ್ನಲು. ನಾನು ಹೇಳಲಿಲ್ಲ. ಪಕ್ಕದ ಸೀಟಿನ ಅಜ್ಜ ಅವನಿಗೆ ಲಿಂಬೆಹಣ್ಣು ಕೊಟ್ಟು, ದವಾಖಾನೆಗೆ ಹೊಂಟೀರೇನು ಎಂದು ಕೇಳಿದ. ಇಲ್ಲ, ಇವಳನ್ನು ಪೈಲಟ್ ಮಾಡಲಿಕ್ಕೆ ಎಂದ ಮಾಮ. ಅಜ್ಜ ಎದ್ದು ಹಿಂದಿನ ಸೀಟಿಗೆ ಹೋದ. ವಿಮಾನ ಇಳಿಯುವ ಜಾಗಕ್ಕೆ ಹೋಗಿ ನೋಡಿದರೆ ಆ ದಿನ ವಿಮಾನವೇ ಇರಲಿಲ್ಲ. ತಂತಿಬೇಲಿಯ ಆಚೆ ಎರಡು ಕುರಿ ಮೇಯುತ್ತಿದ್ದವು, ಅವನ್ನೇ ನೋಡಿಕೊಂಡು ಬಂದೆವು.

ಹನ್ನೆರಡನೆಯ ತರಗತಿ ಮುಗಿಯಿತು. ಆಯಿ ಮತ್ತೆ ಮುಹೂರ್ತ ಎಂದಳು. ಮಾಮ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ನೀಲಿ ಶಾಯಿಯಿಂದ ಒಂದು ಸಾಲು ಸೇರಿಸಿದ, ಬಿ.ಎಸ್ಸಿ. ಆದರೆ ಇನ್ನೂ ಚಲೋ ಅಂತೆ! ಬೈಲಹೊಂಗಲದಲ್ಲಿ ಬಿ.ಎಸ್ಸಿ. ಮುಗಿಯಿತು. ಹಸಿರು ಶಾಯಿಯಲ್ಲಿ ಇನ್ನೊಂದು ಸಾಲು ಬಂತು, ಎಂ.ಎಸ್ಸಿ. ನಾನು ಧಾರವಾಡದ ಹಾಸ್ಟೆಲ್ಲಿಗೆ ಹೋದೆ. ರಾಮದುರ್ಗದವರು ಕಾದು ಕಾದು ಬೇರೆ ಸೊಸೆ ತಂದುಕೊಂಡರು, ಅವಳಿಗೆ ಮಕ್ಕಳೂ ಆದವು. ನನಗೆ ಸಿಟ್ಟು ಏರುತ್ತಲೇ ಹೋಯಿತು. ಈ ಮನುಷ್ಯನಿಗೆ ನಾನು ಬೇಡ, ಅದಕ್ಕೇ ಈ ಆಟ ಎಂದು ನನಗೆ ಖಾತ್ರಿಯಾಯಿತು. ನನಗೂ ಅವನು ಬೇಕಿರಲಿಲ್ಲ, ನಿಜ. ಆದರೆ ಬೇಡ ಎನ್ನುವ ಹಕ್ಕು ನನ್ನದಲ್ಲವೇ? ಮೋಟರು ಸುತ್ತುವವನು, ಬಸ್ಸಿನಲ್ಲಿ ವಾಂತಿ ಮಾಡುವವನು, ಇವನು ನನ್ನನ್ನು ಒಲ್ಲೆ ಅನ್ನುವುದೇ!

ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನೌಕರಿ ಸಿಕ್ಕಿತು. ಆರ್ಡರು ಕೈಗೆ ಬಂದ ದಿನ ನೆಟ್ಟಗೆ ಅವನ ಅಂಗಡಿಗೆ ಹೋದೆ. ಇಪ್ಪತ್ತನಾಲ್ಕಾಯಿತು, ವಿಮಾನದ ಶಾಲೆಗೆ ಯಾವಾಗ ಕಳಿಸುತ್ತೀ, ಇಲ್ಲವೇ ನಾನು ನಿನಗೆ ಬೇಡವೆಂದು ಊರೆದುರು ಹೇಳು ಎಂದು ಕೂಗಾಡಿದೆ. ಗಿರಾಕಿಗಳು ಮೋಟರು ಬಿಟ್ಟು ಎದ್ದುಹೋದರು. ಮಾಮ ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಬಗಲಾಗ ಎತ್ತಿಕೊಂಡು ಆಡಿಸೇನಿ. ನಿನ್ನ ಕೊರಳಿಗೆ ತಾಳಿ ಹ್ಯಾಂಗ ಕಟ್ಟಲಿ, ಯವ್ವಾ?"

"ಮತ್ತ ಅವತ್ತ ಒಲ್ಲೆ ಅನಬೇಕಿತ್ತು."

"ಅಂದಿದ್ರ ಅದ ವಾರ ರಾಮದುರ್ಗಕ್ಕ ಕೊಡತಿದ್ರು. ಆಗತೇನಿ ಅಂದೆ, ಅದಕ್ಕ ನಿನ್ನ ಯಾರೂ ಮುಟ್ಟಲಿಲ್ಲ."

ಗಿರಾಕಿಗಳು ಬಿಟ್ಟೆದ್ದ ಸ್ಟೂಲಿನ ಮೇಲೆ ಕುಳಿತೆ. ಕೊನೆಗೆ ವಿಮಾನವೇ ಯಾಕೆ ಬೇಕಿತ್ತು ಎಂದು ಕೇಳಿದೆ.

"ಮಾಸ್ತರಕಿ ಅಂದಿದ್ರ ಎರಡ ವರ್ಷದಾಗ ಮುಗಿದ ಹೋಗತಿತ್ತು" ಎಂದ. "ಬಾಳ ದಿನ ಹಿಡಿಯೂದು ಅಂದ್ರ ನನಗ ಅದೊಂದ ಗೊತ್ತಿತ್ತು."

ಎಂಟು ವರ್ಷ ಬೈದಿದ್ದೆ. ಆ ಎಂಟು ವರ್ಷವೂ ಅವನಿಗೆ ಹೆಣ್ಣು ತೋರಿಸಲು ಬಂದವರನ್ನು ಅವನು, ತನಗೆ ಕನ್ಯೆ ಗೊತ್ತಾಗಿದೆ ಎಂದು ಬಾಗಿಲಿನಿಂದಲೇ ಕಳಿಸಿಕೊಟ್ಟಿದ್ದನಂತೆ. ಇದನ್ನು ಅವ್ವ ನನಗೆ ಹೇಳಿದ್ದು ಆಮೇಲೆ. ಕೇಳಿ ನಾನು ಅತ್ತೆ, ಸಿಟ್ಟೂ ಬಂತು. ನನಗೊಂದು ಮಾತು ಮೊದಲೇ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು!

ಮರುವರ್ಷ ಸವದತ್ತಿಯಲ್ಲಿ ಅವನಿಗೆ ಕನ್ಯೆ ನೋಡಲು ಹೋದೆವು. ಹುಡುಗಿಯ ತಂದೆ ನಮ್ಮನ್ನು ಜಮಖಾನೆಯ ಮೇಲೆ ಕೂಡಿಸಿ, ಅವಲಕ್ಕಿ ಕೊಡಿಸಿ, ನೇರವಾಗಿಯೇ ಕೇಳಿದರು. ಮೂವತ್ತೈದಾದರೂ ಯಾಕೆ ಲಗ್ನವಾಗಿಲ್ಲ, ಏನಾದರೂ ಐಬು ಇದೆಯೇ ಎಂದು. ಅವ್ವ ನೆಲ ನೋಡಿದಳು. ಆಯಿ ವಿಮಾನದ ಕಥೆ ಶುರು ಮಾಡುವವಳಿದ್ದಳು. ನಾನು ತಟ್ಟೆ ಕೆಳಗಿಟ್ಟೆ.

"ಐಬ ಇಲ್ಲರಿ. ನನ್ನ ಸಲುವಾಗಿ ನಿಂತಾರ. ನಾ ಕಲಿಯೂತನಕಾ ತಾವೂ ಲಗ್ನ ಆಗಲಿಲ್ಲ. ಅಕ್ಕನ ಮಗಳಿಗೆ ಇಷ್ಟ ಮಾಡಿದಾವ್ರು ನಿಮ್ಮ ಮಗಳಿಗೆ ಎಷ್ಟ ಮಾಡ್ಯಾರು, ನೀವ ವಿಚಾರ ಮಾಡ್ರಿ."

ಇನ್ನೂ ಹೇಳುವುದಿತ್ತು. ಹೇಳದೆ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡೆ. ಮಾಮ ನನ್ನ ಕಡೆ ನೋಡಲಿಲ್ಲ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಅವಲಕ್ಕಿಗೆ ಖಾರ ಹೆಚ್ಚಾಗಿದೆ ಎಂದ. ತಾನು ಖಾರವನ್ನೇ ಹಾಕಿಲ್ಲ ಎನ್ನುತ್ತ ಹುಡುಗಿ, ಯಾರೂ ಕರೆಯದೆಯೇ, ನೀರಿನ ತಂಬಿಗೆ ಹಿಡಿದು ಹೊರಗೆ ಬಂದು ಅವನ ಮುಂದಿಟ್ಟಳು.